ಗೂಗಲ್‌ನಲ್ಲಿ 1,480, ಸ್ಕೋಪಸ್‌ನಲ್ಲಿ 653: ಯಾವ ಲೆಕ್ಕ ನಂಬಬೇಕು?

ಪ್ರಶ್ನೆ: ನಾನು ಅರ್ಥಶಾಸ್ತ್ರದ ಅಧ್ಯಾಪಕ. ಓದು, ಬರಹ ಎಲ್ಲವೂ ಬಡ್ಡಿ ಇಲ್ಲದ ಇಸ್ಲಾಮಿಕ್ ಬ್ಯಾಂಕಿಂಗ್ ಕುರಿತದ್ದೇ. ಈಗ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದ್ದೇನೆ. ಗೂಗಲ್ ಸ್ಕಾಲರ್ ಪ್ರಕಾರ ನನ್ನ ಸೈಟೇಶನ್ (ನನ್ನ ಪೇಪರ್‌ಗಳನ್ನು ಬೇರೆ ಬರಹಗಳು ಉಲ್ಲೇಖಿಸಿದ ಲೆಕ್ಕ) 1,480, ಎಚ್-ಇಂಡೆಕ್ಸ್ 16, ಅಂದರೆ ತಲಾ 16 ಸಲವಾದರೂ ಉಲ್ಲೇಖಗೊಂಡ 16 ಪೇಪರ್‌ಗಳಿವೆ. ಸ್ಕೋಪಸ್ ಎಂಬ ಸಂಶೋಧನಾ ಪೇಪರ್‌ಗಳ ದತ್ತಾಂಶ ಕೋಶ ತೆರೆದರೆ ಸೈಟೇಶನ್ 653, ಎಚ್-ಇಂಡೆಕ್ಸ್ 9. ಅಂಥದ್ದೇ ಇನ್ನೊಂದು ಕೋಶವಾದ ವೆಬ್ ಆಫ್ ಸೈನ್ಸ್‌ನಲ್ಲಿ ಅದಕ್ಕೂ ಕಡಿಮೆ. ಸಮಿತಿಯ ಒಬ್ಬರು, ‘ಗೂಗಲ್ ಲೆಕ್ಕ ಬೇಡ’ ಎಂದರು. ಇನ್ನೊಬ್ಬರು, ‘ಈ ಕ್ಷೇತ್ರದಲ್ಲಿ ನೀವು ನೀವೇ ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಳ್ಳುತ್ತೀರಿ, ಹೊರಗಿನವರು ಓದುವುದೇ ಇಲ್ಲ’ ಎಂದರು. ಪರಿಚಯದವರೊಬ್ಬರು ಒಂದು ವಾಟ್ಸಾಪ್ ಗುಂಪಿಗೆ ಸೇರಲು ಕರೆಯುತ್ತಿದ್ದಾರೆ. ಅಲ್ಲಿ ಪ್ರತಿಯೊಬ್ಬರೂ ಉಳಿದವರ ಎರಡೆರಡು ಪೇಪರ್‌ಗಳನ್ನು ಉಲ್ಲೇಖಿಸಬೇಕಂತೆ. ವಿಷಯವನ್ನೇ ಬಿಟ್ಟು ಫಿನ್‌ಟೆಕ್ (ತಂತ್ರಜ್ಞಾನ ಆಧಾರಿತ ಹಣಕಾಸು ಸೇವೆ) ಕಡೆ ಹೋಗುವುದು ವಾಸಿಯೇ ಎಂದೂ ಅನಿಸುತ್ತಿದೆ. ಪೇಪರ್‌ಗಳ ಪಟ್ಟಿ ಮತ್ತು ಅವನ್ನು ಉಲ್ಲೇಖಿಸಿದವರ ಪಟ್ಟಿ ಜೊತೆಗಿಟ್ಟಿದ್ದೇನೆ. ನನ್ನ ಸಂಶೋಧನೆಗೆ ಪ್ರಭಾವ ಇದೆಯೋ ಇಲ್ಲವೋ?

ಉತ್ತರ: ಮೊದಲು ಒಂದು ಆತಂಕ ಕಳೆದುಬಿಡೋಣ. ನೀವು ಕೊಟ್ಟ ಲೆಕ್ಕಗಳಲ್ಲಿ ಸುಳ್ಳು ಯಾವುದೂ ಇಲ್ಲ. ಒಂದೊಂದು ಕಡೆ ಒಂದೊಂದು ಬಗೆಯ ಎಣಿಕೆ ನಡೆಯುತ್ತದೆ, ಅಷ್ಟೇ. ಸಂಶೋಧನಾ ಮೌಲ್ಯಮಾಪನವೇ ನನ್ನ ಕೆಲಸವಾದ್ದರಿಂದ ಇಂಥ ಅರ್ಜಿಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಅರ್ಥಶಾಸ್ತ್ರಜ್ಞರ ಗೂಗಲ್ ಸ್ಕಾಲರ್ ಲೆಕ್ಕ ಸ್ಕೋಪಸ್‌ನ ಎರಡು ಪಟ್ಟು ಇದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ನಿಮ್ಮ ಕ್ಷೇತ್ರದಲ್ಲಂತೂ ಅದು ತೀರಾ ಮಾಮೂಲು.

ಕಾರಣ ಸರಳ. ವೆಬ್ ಆಫ್ ಸೈನ್ಸ್‌ನ ಮೂಲ 1964ರ ಸೈನ್ಸ್ ಸೈಟೇಶನ್ ಇಂಡೆಕ್ಸ್. ಯೂಜೀನ್ ಗಾರ್ಫೀಲ್ಡ್ ಅದನ್ನು ಕಟ್ಟಿದ್ದು ವಿಜ್ಞಾನಿಗಳಿಗೆ ಬೇಕಾದ ಪೇಪರ್ ಹುಡುಕಿಕೊಳ್ಳಲು ದಾರಿಯಾಗಲಿ ಎಂದು. ಅದೇ ಲೆಕ್ಕ ಹಿಡಿದು ಮನುಷ್ಯರಿಗೆ ಅಂಕ ಹಾಕುವುದು ಆಮೇಲೆ ಅಂಟಿಕೊಂಡ ಚಾಳಿ. ವೆಬ್ ಆಫ್ ಸೈನ್ಸ್ ಇವತ್ತಿಗೂ ಜರ್ನಲ್‌ಗಳನ್ನು ಅಳೆದು ಸುರಿದು ಒಳಗೆ ಬಿಟ್ಟುಕೊಳ್ಳುತ್ತದೆ. 2004ರಲ್ಲಿ ಎಲ್ಸೆವಿಯರ್ ಕಂಪನಿ ತಂದ ಸ್ಕೋಪಸ್ ಕೂಡ ಆಯ್ದು ತೆಗೆದುಕೊಳ್ಳುತ್ತದೆ, ಆದರೆ ಅದರ ಬಾಗಿಲು ಸ್ವಲ್ಪ ಅಗಲ. ಅದೇ ವರ್ಷ ಬಂದ ಗೂಗಲ್ ಸ್ಕಾಲರ್‌ಗೆ ಬಾಗಿಲೇ ಇಲ್ಲ. ಪಿಎಚ್‌ಡಿ ಪ್ರಬಂಧ, ಸಮ್ಮೇಳನದ ಪೇಪರ್, ಕೇಂದ್ರ ಬ್ಯಾಂಕಿನ ವರದಿ, ಪುಸ್ತಕದ ಅಧ್ಯಾಯ, ಇನ್ನೂ ಪ್ರಕಟವಾಗದ ಕರಡು, ಕೊನೆಗೆ ಯಾರೋ ತರಗತಿಗೆಂದು ಏರಿಸಿಟ್ಟ ಟಿಪ್ಪಣಿ ಕೂಡ ಅದರ ಲೆಕ್ಕಕ್ಕೆ ಬರಬಹುದು.

ಇಸ್ಲಾಮಿಕ್ ಹಣಕಾಸಿನ ಬರಹ ಹೆಚ್ಚಾಗಿ ಎಲ್ಲಿ ಹುಟ್ಟುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಮಲೇಷ್ಯಾ, ಇಂಡೊನೇಷ್ಯಾ, ಪಾಕಿಸ್ತಾನ, ಸೌದಿ ಅರೇಬಿಯಾ, ಟರ್ಕಿಯ ವಿಶ್ವವಿದ್ಯಾಲಯಗಳಲ್ಲಿ. ಅಲ್ಲಿನ ವಿಭಾಗಗಳೇ ನಡೆಸುವ ಎಷ್ಟೋ ಜರ್ನಲ್‌ಗಳು ಸ್ಕೋಪಸ್‌ಗೆ ಸೇರಿಲ್ಲ. ಸಾಕಷ್ಟು ಬರಹ ಅರಬ್ಬಿ, ಉರ್ದು, ಮಲಯ, ಟರ್ಕಿಷ್ ಭಾಷೆಗಳಲ್ಲಿದೆ. ಜಕಾರ್ತಾದ ವಿದ್ಯಾರ್ಥಿಯೊಬ್ಬ ತನ್ನ ಪ್ರಬಂಧದಲ್ಲಿ ನಿಮ್ಮ ಮಾದರಿಯನ್ನು ಮೂವತ್ತು ಪುಟ ಚರ್ಚಿಸಿದರೂ ಸ್ಕೋಪಸ್‌ಗೆ ಗೊತ್ತಾಗುವುದಿಲ್ಲ. ಗೂಗಲ್‌ಗೆ ಗೊತ್ತಾಗುತ್ತದೆ.

ಹಾಗಾದರೆ ಗೂಗಲ್ ಲೆಕ್ಕ ಬೇಡ ಎಂದ ಸದಸ್ಯರು ತಪ್ಪೇ? ಪೂರ್ತಿ ಅಲ್ಲ. 2010ರಲ್ಲಿ ಫ್ರಾನ್ಸಿನ ಸಿರಿಲ್ ಲಾಬೆ ಎಂಬ ಕಂಪ್ಯೂಟರ್ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಐಕ್ ಅಂಟ್ಕಾರೆ ಎಂಬ ಇಲ್ಲದ ಸಂಶೋಧಕನೊಬ್ಬನನ್ನು ಸೃಷ್ಟಿಸಿ, ಸಾಫ್ಟ್‌ವೇರ್ ಬರೆದ ಅರ್ಥವಿಲ್ಲದ ಪೇಪರ್‌ಗಳನ್ನು ಅವನ ಹೆಸರಲ್ಲಿ ಜಾಲತಾಣಕ್ಕೆ ಹಾಕಿ, ಅವು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿದರು. ಗೂಗಲ್ ಸ್ಕಾಲರ್ ಆಧಾರದ ಲೆಕ್ಕದಲ್ಲಿ ಆ ಮಹಾಶಯನ ಎಚ್-ಇಂಡೆಕ್ಸ್ 94ಕ್ಕೆ ಹೋಯಿತು! ನಿಜವಾದ ಎಷ್ಟೋ ನೊಬೆಲ್ ವಿಜೇತರಿಗೆ ಅಷ್ಟಿಲ್ಲ. ಸಮಿತಿಗಳಿಗೆ ಗೂಗಲ್ ಕಂಡರೆ ಅನುಮಾನ ಬರುವುದು ಸುಮ್ನೆ ಅಲ್ಲ.

ಆದರೆ ಸ್ಕೋಪಸ್ ಒಂದನ್ನೇ ನೆಚ್ಚಿಕೊಂಡರೆ ಇನ್ನೊಂದು ಅನ್ಯಾಯ ಆಗುತ್ತದೆ. ಈ ಶಾಸ್ತ್ರವನ್ನು ಕಟ್ಟಿದವರನ್ನೇ ತೆಗೆದುಕೊಳ್ಳಿ. ಗೋರಖ್‌ಪುರದಲ್ಲಿ 1931ರಲ್ಲಿ ಹುಟ್ಟಿ, ಅಲೀಗಢದಲ್ಲೂ ಜೆಡ್ಡಾದ ಕಿಂಗ್ ಅಬ್ದುಲ್ ಅಜೀಜ್ ವಿಶ್ವವಿದ್ಯಾಲಯದಲ್ಲೂ ಪಾಠ ಮಾಡಿದ ಮುಹಮ್ಮದ್ ನಜಾತುಲ್ಲಾ ಸಿದ್ದೀಕಿ ಬಡ್ಡಿ ಇಲ್ಲದ ಬ್ಯಾಂಕಿಂಗ್ ಬಗ್ಗೆ ಬರೆದದ್ದು ಪುಸ್ತಕಗಳಲ್ಲಿ, ಅದೂ ಮೊದಲು ಉರ್ದುವಿನಲ್ಲಿ. 1982ರಲ್ಲಿ ಅವರಿಗೆ ಕಿಂಗ್ ಫೈಸಲ್ ಪ್ರಶಸ್ತಿ ಬಂತು. ಈ ಕ್ಷೇತ್ರದ ಇನ್ನೊಬ್ಬ ಹಿರಿಯ ಅರ್ಥಶಾಸ್ತ್ರಜ್ಞ ಉಮರ್ ಚಾಪ್ರಾ ಅವರ ಮುಖ್ಯ ಕೃತಿ 1985ರದು, ಅದೂ ಪುಸ್ತಕವೇ. ಸ್ಕೋಪಸ್‌ನ ಪಟ್ಟಿಯಲ್ಲಿ ಇಲ್ಲದ ಪುಸ್ತಕವನ್ನು ಯಾರಾದರೂ ಉಲ್ಲೇಖಿಸಿದರೆ ಅದು ಲೇಖಕರ ಮುಖ್ಯ ಎಣಿಕೆಗೆ ಸೇರುವುದಿಲ್ಲ. ಹಾಗಾಗಿ ಇಡೀ ಕ್ಷೇತ್ರಕ್ಕೆ ತಳಪಾಯ ಹಾಕಿದವರ ಅಂಕ ಕಡಿಮೆ ಕಾಣುತ್ತದೆ, ಅವರ ಮೇಲೆ ವಿಮರ್ಶಾ ಲೇಖನ ಬರೆದವರ ಅಂಕ ಜಾಸ್ತಿ ಕಾಣುತ್ತದೆ.

ಎಚ್-ಇಂಡೆಕ್ಸ್ 9 ಅಂದರೇನು

ಈ ಅಳತೆಯನ್ನು 2005ರಲ್ಲಿ ಮುಂದಿಟ್ಟವರು ಜಾರ್ಜ್ ಹಿರ್ಷ್ ಎಂಬ ಭೌತಶಾಸ್ತ್ರಜ್ಞ. ನಿಮ್ಮದೇ ಪಟ್ಟಿ ನೋಡೋಣ. ಸ್ಕೋಪಸ್‌ನಲ್ಲಿರುವ ನಿಮ್ಮ ಹನ್ನೆರಡು ಪೇಪರ್‌ಗಳ ಸೈಟೇಶನ್ ಹೀಗಿದೆ: 310, 96, 74, 41, 38, 22, 19, 17, 12, 9, 9, 6. ಒಂದೊಂದಾಗಿ ಎಣಿಸುತ್ತಾ ಕೆಳಗೆ ಬನ್ನಿ. ಒಂಬತ್ತನೇ ಪೇಪರ್‌ಗೆ 12 ಇದೆ, ಅಂದರೆ ಒಂಬತ್ತಕ್ಕಿಂತ ಕಡಿಮೆ ಇಲ್ಲ. ಹತ್ತನೆಯದಕ್ಕೆ 9, ಹತ್ತು ಮುಟ್ಟಿಲ್ಲ. ಅಲ್ಲಿಗೆ ನಿಂತಿತು, ಎಚ್-ಇಂಡೆಕ್ಸ್ 9.

ಈಗ ಗಮನಿಸಿ. ನಿಮ್ಮ ಮೊದಲ ಪೇಪರ್‌ಗೆ ನಾಳೆ ಇನ್ನೂ 300 ಸೈಟೇಶನ್ ಬಂದರೂ ಎಚ್-ಇಂಡೆಕ್ಸ್ ಅಲ್ಲಾಡುವುದಿಲ್ಲ. ಹತ್ತನೇ ಪೇಪರ್‌ಗೆ ಒಂದೇ ಒಂದು ಹೊಸ ಸೈಟೇಶನ್ ಬಂದರೆ ಸಾಕು, 10 ಆಗಿಬಿಡುತ್ತದೆ. ಆ ಒಂದನ್ನು ನಿಮ್ಮ ಮುಂದಿನ ಪೇಪರ್‌ನಲ್ಲಿ ನೀವೇ ಹಾಕಿಕೊಳ್ಳಬಹುದು. ಇಷ್ಟು ಸಲೀಸಾಗಿ ಜರುಗುವ ಅಂಕಿಯ ಮೇಲೆ ಒಬ್ಬರ ಬಡ್ತಿ ನಿಲ್ಲಬಾರದು. ಆದರೂ ನಿಲ್ಲುತ್ತದೆ, ಏನು ಮಾಡೋದು.

ನಿಮ್ಮ ಒಟ್ಟು 653ರಲ್ಲಿ ಒಂದೇ ಪೇಪರ್‌ನದು 310, ಅಂದರೆ ಹತ್ತಿರ ಹತ್ತಿರ ಅರ್ಧ. ಅದು ನಿಮ್ಮ ವಿಮರ್ಶಾ ಲೇಖನ, ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದ್ದು. ಅಂಥ ಲೇಖನಗಳಿಗೆ ಸೈಟೇಶನ್ ಜಾಸ್ತಿ ಬರುವುದು ಎಲ್ಲ ಶಾಸ್ತ್ರಗಳಲ್ಲೂ ಇದ್ದದ್ದೇ. ಹೊಸದಾಗಿ ಬರೆಯುವವರಿಗೆ ಇಪ್ಪತ್ತು ಪೇಪರ್ ಓದುವ ಬದಲು ಒಂದನ್ನು ಹೆಸರಿಸಿ ಮುಂದೆ ಹೋಗಲು ಅನುಕೂಲ, ಅಲ್ವಾ?

ಹೊರಗಿನವರು ಓದುವುದಿಲ್ಲ ಎಂಬ ಮಾತು

ಇದಕ್ಕೆ ಉತ್ತರ ಹುಡುಕಲು ಸಂಖ್ಯೆ ಸಾಲದು, ಉಲ್ಲೇಖಿಸಿದವರ ಪಟ್ಟಿ ಬಿಡಿಸಬೇಕು. ನೀವು ಅದನ್ನೂ ಕಳಿಸಿದ್ದು ಒಳ್ಳೆಯದಾಯಿತು. ಮೊದಲೆರಡು ಪೇಪರ್‌ಗಳನ್ನು ಉಲ್ಲೇಖಿಸಿದ ಬರಹಗಳನ್ನು ಮೂರು ಗುಂಪು ಮಾಡಿದೆ: ನೀವೇ ಅಥವಾ ನಿಮ್ಮ ಸಹಲೇಖಕರು ಬರೆದವು, ಇಸ್ಲಾಮಿಕ್ ಹಣಕಾಸಿಗೇ ಮೀಸಲಾದವು, ಉಳಿದವು.

ವಿಮರ್ಶಾ ಲೇಖನದ 310ರಲ್ಲಿ 22 ನಿಮ್ಮವೇ. 251 ಇದೇ ಕ್ಷೇತ್ರದವು. ಹೊರಗಿನವು 37. ಸಮಿತಿಯವರ ಅನುಮಾನ ಇಲ್ಲಿ ಪೂರಾ ಸುಳ್ಳಲ್ಲ. ಆದರೆ ಎರಡನೆಯದನ್ನು ನೋಡಿ, ಆ ಮುದಾರಬಾ ಠೇವಣಿದಾರರ ಪೇಪರ್. 96ರಲ್ಲಿ 11 ನಿಮ್ಮವು, 52 ಕ್ಷೇತ್ರದವು, 33 ಹೊರಗಿನವು. ನಿಮ್ಮದೇ ಉಲ್ಲೇಖಗಳನ್ನು ಕಳೆದರೆ ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊರಗಿನವರದು. ಇಸ್ಲಾಮಿಕ್ ಬ್ಯಾಂಕಿನ ಗೊಡವೆಯೇ ಇಲ್ಲದ, ಠೇವಣಿ ವಿಮೆಯ ಬಗ್ಗೆ ಬರೆದವರೂ ಅದರಲ್ಲಿದ್ದಾರೆ.

ಹೀಗೇಕೆ? ನಿಮ್ಮ ಪ್ರಶ್ನೆಯೇ ಕಾರಣ. ಮುದಾರಬಾ ಒಪ್ಪಂದದಲ್ಲಿ ಹಣ ಇಟ್ಟವನು ಲಾಭಕ್ಕೂ ಪಾಲುದಾರ, ನಷ್ಟವನ್ನೂ ಹೊರಬೇಕು. ಹಾಗಿದ್ದ ಮೇಲೆ ಅವನು ಬ್ಯಾಂಕಿನ ಮೇಲೆ ಕಣ್ಣಿಡುತ್ತಾನೆಯೇ, ಅಪಾಯ ಕಂಡರೆ ದುಡ್ಡು ತೆಗೆಯುತ್ತಾನೆಯೇ? ಕಾಗದದ ಮೇಲೆ ಹಾಗಿದ್ದರೂ ನಡವಳಿಕೆಯಲ್ಲಿ ಅನೇಕ ಇಸ್ಲಾಮಿಕ್ ಬ್ಯಾಂಕುಗಳು ಲಾಭ ಸಮತೋಲನ ನಿಧಿ ಇಟ್ಟುಕೊಂಡು, ಆದಾಯ ಬಿದ್ದ ವರ್ಷವೂ ಠೇವಣಿದಾರರ ಪಾಲು ಬೀಳದಂತೆ ನೋಡಿಕೊಳ್ಳುತ್ತವೆ. ಇಲ್ಲದಿದ್ದರೆ ಗಿರಾಕಿಗಳು ಪಕ್ಕದ ಮಾಮೂಲಿ ಬ್ಯಾಂಕಿಗೆ ಹೋಗಿಬಿಡುತ್ತಾರೆ ಎಂಬ ಭಯ. ಇದು ಶರಿಯಾಗೆ, ಅಂದರೆ ಇಸ್ಲಾಮಿನ ಧರ್ಮನಿಯಮಕ್ಕೆ, ಮಾತ್ರ ಸಂಬಂಧಪಟ್ಟ ಪ್ರಶ್ನೆ ಅಲ್ಲ. ಎಲ್ಲಾ ಬ್ಯಾಂಕುಗಳ ಬಗ್ಗೆಯೂ ಅರ್ಥಶಾಸ್ತ್ರ ಕೇಳುತ್ತಾ ಬಂದ ಪ್ರಶ್ನೆಯನ್ನು ನೀವು ಅದಕ್ಕೆ ಹೇಳಿಮಾಡಿಸಿದ ಜಾಗದಲ್ಲಿ ಕೇಳಿದ್ದೀರಿ.

ಈ ಕ್ಷೇತ್ರದಿಂದ ಹೊರಗೆ ಹೋದ ಪೇಪರ್‌ಗಳೆಲ್ಲ ಹೀಗೇ ಹೋಗಿವೆ. 1986ರಲ್ಲಿ ಮೊಹ್ಸಿನ್ ಖಾನ್ ಐಎಂಎಫ್‌ನ ಜರ್ನಲ್‌ನಲ್ಲಿ ಬರೆದ ಸೈದ್ಧಾಂತಿಕ ಪೇಪರ್ ಬಡ್ಡಿರಹಿತ ಬ್ಯಾಂಕಿಂಗನ್ನು ಅಮೆರಿಕದ ಅರ್ಥಶಾಸ್ತ್ರಜ್ಞರು ಹಿಂದೆಯೇ ಮುಂದಿಟ್ಟಿದ್ದ ನೂರಕ್ಕೆ ನೂರು ಮೀಸಲು ನಿಧಿಯ (ಠೇವಣಿಯಷ್ಟೂ ಹಣವನ್ನು ಬ್ಯಾಂಕು ಮೀಸಲಿಡಬೇಕೆಂಬ) ಪ್ರಸ್ತಾವದ ಪಕ್ಕದಲ್ಲಿಟ್ಟು ನೋಡಿತು. ಚೋಂಗ್ ಮತ್ತು ಲಿಯು 2009ರಲ್ಲಿ ಮಲೇಷ್ಯಾದ ಅಂಕಿಅಂಶ ಹಿಡಿದು, ಇಸ್ಲಾಮಿಕ್ ಬ್ಯಾಂಕುಗಳ ಸಾಲದಲ್ಲಿ ನಿಜವಾದ ಲಾಭ-ನಷ್ಟ ಹಂಚಿಕೆ ತೀರಾ ಅಲ್ಪ, ಠೇವಣಿಯ ದರವೂ ಮಾಮೂಲಿ ಬ್ಯಾಂಕಿನ ದರದ ಬೆನ್ನಿಗೇ ಅಂಟಿಕೊಂಡಿದೆ ಎಂದರು. ಕ್ಷೇತ್ರದೊಳಗೆ ಹಲವರಿಗೆ ಅದು ಹಿಡಿಸಲಿಲ್ಲ. ಹಿಡಿಸದವರು ಅದನ್ನು ಉಲ್ಲೇಖಿಸಲೇಬೇಕಾಯಿತು.

ಚಿಹಾಕ್ ಮತ್ತು ಹೆಸ್ಸೆ ಅವರ 2010ರ ಪೇಪರ್ ಇನ್ನೊಂದು. ಝೆಡ್-ಸ್ಕೋರ್ ಎಂಬ ಮಾಮೂಲಿ ಅಳತೆಯನ್ನೇ ಅವರು ಬಳಸಿದರು. ಬ್ಯಾಂಕಿನ ಲಾಭ ಮತ್ತು ಬಂಡವಾಳದ ದರಗಳನ್ನು ಕೂಡಿಸಿ, ಲಾಭ ಎಷ್ಟು ಏರಿಳಿಯುತ್ತದೋ ಅದರಿಂದ ಭಾಗಿಸುವುದು. ಸಿಕ್ಕ ಉತ್ತರ ಕುತೂಹಲದ್ದು: ಸಣ್ಣ ಇಸ್ಲಾಮಿಕ್ ಬ್ಯಾಂಕುಗಳು ಸಣ್ಣ ಮಾಮೂಲಿ ಬ್ಯಾಂಕುಗಳಿಗಿಂತ ಗಟ್ಟಿ, ದೊಡ್ಡವುಗಳಲ್ಲಿ ಇದು ಉಲ್ಟಾ. 2013ರಲ್ಲಿ ಬೆಕ್, ಡೆಮಿರ್ಗುಚ್-ಕುಂಟ್, ಮೆರೂಷ್ ಮೂವರು ‘ಜರ್ನಲ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್’ನಲ್ಲಿ ಎರಡೂ ಬಗೆಯ ಬ್ಯಾಂಕುಗಳನ್ನು ಹೋಲಿಸಿ, ವ್ಯವಹಾರದ ರೀತಿಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, ಆದರೆ ಇಸ್ಲಾಮಿಕ್ ಬ್ಯಾಂಕುಗಳ ಬಂಡವಾಳ, ಆಸ್ತಿಯ ಗುಣಮಟ್ಟ ಮೇಲು, ಖರ್ಚು ಮಾತ್ರ ಜಾಸ್ತಿ ಎಂದರು. 2008ರ ಬಿಕ್ಕಟ್ಟು ಆದ ಮೇಲೆ ಎಲ್ಲರಿಗೂ ಬೇಕಿದ್ದ ಪ್ರಶ್ನೆ ಅದು.

ನನಗೆ ತುಂಬಾ ಹಿಡಿಸಿದ್ದು 2014ರ ಒಂದು ಅಧ್ಯಯನ. ಬೇಲ್, ಫಾರೂಕ್, ಓಂಗೆನಾ ಅವರು ಪಾಕಿಸ್ತಾನದ ಸಾಲಗಳ ದಾಖಲೆ ತೆಗೆದು, ಇಸ್ಲಾಮಿಕ್ ಸಾಲಗಳು ಸುಸ್ತಿಯಾಗುವ ಪ್ರಮಾಣ ಮಾಮೂಲಿ ಸಾಲಗಳ ಅರ್ಧಕ್ಕಿಂತಲೂ ಕಡಿಮೆ, ರಂಜಾನ್ ತಿಂಗಳಲ್ಲಿ ಇನ್ನೂ ಕಡಿಮೆ ಎಂದು ತೋರಿಸಿದರು. ನಂಬಿಕೆ ಮನುಷ್ಯನ ಹಣದ ವ್ಯವಹಾರವನ್ನು ಬದಲಿಸುತ್ತದೆಯೇ ಎಂದು ಕೇಳುವ ಯಾರಿಗಾದರೂ ಈ ಪೇಪರ್ ಬೇಕಾಗುತ್ತದೆ. ಹಾಗಾಗಿ ‘ಹೊರಗಿನವರು ಓದುವುದೇ ಇಲ್ಲ’ ಎನ್ನುವುದು ಕ್ಷೇತ್ರದ ಮೇಲೆ ಹೊರಿಸುವ ಮಾತಲ್ಲ, ಒಂದೊಂದು ಪೇಪರ್‌ಗೂ ಬೇರೆ ಬೇರೆಯಾಗಿ ಕೇಳಬೇಕಾದ ಪ್ರಶ್ನೆ.

ಒಂದು ಕಹಿ ವಿಷಯವೂ ಇದೆ. ಈಚೆಗೆ ಈ ಕ್ಷೇತ್ರದಲ್ಲಿ ಬಿಬ್ಲಿಯೊಮೆಟ್ರಿಕ್ ವಿಮರ್ಶೆಗಳ ಸುಗ್ಗಿ. ಸ್ಕೋಪಸ್‌ನಿಂದ ಕೆಲವು ನೂರು ಪೇಪರ್‌ಗಳ ವಿವರ ಇಳಿಸಿಕೊಂಡು, ವಿಒಎಸ್‌ವ್ಯೂವರ್ ಎಂಬ ತಂತ್ರಾಂಶದಲ್ಲಿ ಬಣ್ಣಬಣ್ಣದ ನಕ್ಷೆ ಬಿಡಿಸಿ, ಎಲ್ಲರ ಹೆಸರನ್ನೂ ಒಂದು ಸಾಲು ಹೇಳುವುದು. ನಿಮ್ಮ 251ರಲ್ಲಿ ಇಂಥವು ಸಾಕಷ್ಟಿವೆ. ಅವುಗಳಲ್ಲಿ ನೀವು ಬರುವುದು ‘ಈ ಬಗ್ಗೆ ಹಲವು ಅಧ್ಯಯನಗಳು ನಡೆದಿವೆ’ ಎಂಬ ವಾಕ್ಯದ ಕೊನೆಯಲ್ಲಿ, ಎಂಟು ಹೆಸರುಗಳ ನಡುವೆ. ಅದೇ ನಿಮ್ಮ ಎರಡನೇ ಪೇಪರ್ ಉಲ್ಲೇಖಿಸಿದ ಒಬ್ಬರು, ನಿಮ್ಮ ಮಾದರಿಯನ್ನೇ ಬೇರೆ ದೇಶದ ಅಂಕಿಅಂಶಕ್ಕೆ ಹಚ್ಚಿ, ಫಲಿತಾಂಶ ನಿಮ್ಮದಕ್ಕಿಂತ ಬೇರೆ ಬಂತು ಎಂದು ಎರಡು ಪುಟ ಬರೆದಿದ್ದಾರೆ. ನಿಮಗೆ ಬೇಜಾರಾಗಿರಬಹುದು. ನಾನಾದರೆ ಸಮಿತಿಗೆ ಮೊದಲು ತೋರಿಸುವುದು ಅದನ್ನೇ. ನಿಮ್ಮ ಕೆಲಸವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವರು ಅವರು.

ಎಣಿಕೆಗೆ ಸಿಗದ ಪ್ರಭಾವವೂ ನಿಮ್ಮ ಕ್ಷೇತ್ರದಲ್ಲಿ ಬೇರೆ ಕಡೆಗಿಂತ ಜಾಸ್ತಿ. 2007ರ ಕೊನೆಯಲ್ಲಿ ಶರಿಯಾ ವಿದ್ವಾಂಸ ತಕಿ ಉಸ್ಮಾನಿ, ಮಾರುಕಟ್ಟೆಯಲ್ಲಿರುವ ಬಹುಪಾಲು ಸುಕುಕ್‌ಗಳು (ಬಡ್ಡಿಯ ಬಾಂಡ್‌ಗಳ ಬದಲಿಗೆ ಬಳಸುವ ಇಸ್ಲಾಮಿಕ್ ಹಣಕಾಸು ಪತ್ರಗಳು) ಶರಿಯಾಗೆ ಒಪ್ಪುವುದಿಲ್ಲ ಎಂದರು. ಅವಧಿ ಮುಗಿದಾಗ ಮೂಲ ಬೆಲೆಗೇ ವಾಪಸು ಕೊಳ್ಳುತ್ತೇವೆ ಎಂದು ಮೊದಲೇ ಮಾತು ಕೊಡುವುದಕ್ಕೆ ಅವರ ತಕರಾರು. ನಷ್ಟದ ಭಯವೇ ಇಲ್ಲದ ಮೇಲೆ ಅದು ಪಾಲುದಾರಿಕೆ ಹೇಗಾಗುತ್ತದೆ? 2008ರ ಫೆಬ್ರವರಿಯಲ್ಲಿ ಇಸ್ಲಾಮಿಕ್ ಹಣಕಾಸಿಗೆ ಮಾನದಂಡ ಬರೆಯುವ ಬಹ್ರೇನ್‌ನ ಎಎಒಐಎಫ್‌ಐ ಸಂಸ್ಥೆ ಇದರ ಬಗ್ಗೆ ನಿರ್ಣಯವನ್ನೇ ಹೊರಡಿಸಿತು. ಸುಕುಕ್‌ಗಳ ರಚನೆಯೇ ಬದಲಾಗತೊಡಗಿತು. ಇದು ಯಾವ ಎಚ್-ಇಂಡೆಕ್ಸ್‌ನಲ್ಲಿ ಕಾಣುತ್ತದೆ? ಮಾನದಂಡ ಬರೆಯುವ ಸಂಸ್ಥೆಗಳು ಅರ್ಥಶಾಸ್ತ್ರದ ಪೇಪರ್ ಓದಿಯೇ ಬರೆದರೂ ಕೊನೆಯ ಪಠ್ಯದಲ್ಲಿ ಹೆಸರು ಹಾಕುವುದು ಅಪರೂಪ.

ನಿಮ್ಮ ಮುಂದಿರುವ ದಾರಿಗಳು

ವಾಟ್ಸಾಪ್ ಗುಂಪಿನ ವಿಷಯ ಮೊದಲು ಮುಗಿಸಿಬಿಡೋಣ. ಸೇರಬೇಡಿ. ನೀತಿಯ ಮಾತು ಬದಿಗಿಡಿ, ಸಿಕ್ಕಿಬೀಳುವುದು ಎಷ್ಟು ಸುಲಭ ಎನ್ನುವುದನ್ನಷ್ಟೇ ಹೇಳುತ್ತೇನೆ. ಯಾರು ಯಾರನ್ನು ಉಲ್ಲೇಖಿಸಿದರು ಎಂಬುದರ ಜಾಲ ಬಿಡಿಸುವುದು ಇವತ್ತು ನಮಗೆ ಅರ್ಧ ದಿನದ ಕೆಲಸವೂ ಅಲ್ಲ. ಸಹಲೇಖಕರಲ್ಲದ ಹತ್ತು ಜನ, ವಿಷಯಕ್ಕೆ ಸಂಬಂಧವಿಲ್ಲದೆ, ಒಂದೇ ಅವಧಿಯಲ್ಲಿ ಪರಸ್ಪರ ಉಲ್ಲೇಖಿಸಿಕೊಂಡಿದ್ದರೆ ಆ ಗಂಟು ಪರದೆಯ ಮೇಲೆ ಎದ್ದು ಕಾಣುತ್ತದೆ. ಜರ್ನಲ್‌ಗಳ ನಡುವೆ ಇಂಥ ಕೊಡುಕೊಳ್ಳುವಿಕೆ ಕಂಡದ್ದಕ್ಕೆ 2013ರಲ್ಲಿ ಬ್ರೆಜಿಲ್‌ನ ಕೆಲವು ಜರ್ನಲ್‌ಗಳಿಗೆ ಇಂಪ್ಯಾಕ್ಟ್ ಫ್ಯಾಕ್ಟರನ್ನೇ (ಜರ್ನಲ್‌ನ ಪೇಪರ್‌ಗಳಿಗೆ ಬರುವ ಸರಾಸರಿ ಸೈಟೇಶನ್ ಅಳತೆ) ತಡೆಹಿಡಿದರು. 2023ರಲ್ಲಿ ವೆಬ್ ಆಫ್ ಸೈನ್ಸ್ ನಡೆಸುವ ಕ್ಲಾರಿವೇಟ್ ಕಂಪನಿ ಅತಿ ಹೆಚ್ಚು ಉಲ್ಲೇಖಿತರ ಪಟ್ಟಿಯಿಂದ ಗಣಿತ ವಿಭಾಗವನ್ನೇ ಪೂರ್ತಿ ಕೈಬಿಟ್ಟಿತು, ಅಲ್ಲಿನ ಲೆಕ್ಕವನ್ನು ತಿರುಚುವುದು ಅಷ್ಟು ಸುಲಭ ಎನ್ನುವ ಕಾರಣಕ್ಕೆ. ಗುಂಪಿನಲ್ಲಿ ಯಾರೋ ಒಬ್ಬರು ಸಿಕ್ಕಿಬಿದ್ದರೆ ಉಳಿದವರ ಹೆಸರೂ ಅದೇ ಪಟ್ಟಿಯಲ್ಲಿರುತ್ತದೆ. ಆಮೇಲೆ ನಿಮ್ಮ ಆ 33 ಒಳ್ಳೆಯ ಉಲ್ಲೇಖಗಳನ್ನೂ ಯಾರೂ ನಂಬುವುದಿಲ್ಲ.

ಇದರ ಜೊತೆಗೇ ಇನ್ನೊಂದು. ಜರ್ನಲ್‌ನ ಸಂಪಾದಕರೇ ‘ನಮ್ಮ ಜರ್ನಲ್‌ನ ಇನ್ನಷ್ಟು ಪೇಪರ್‌ಗಳನ್ನು ಸೇರಿಸಿ’ ಎಂದು ಒತ್ತಾಯಿಸುವುದುಂಟು. ವಿಲ್‌ಹೈಟ್ ಮತ್ತು ಫಾಂಗ್ 2012ರಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ವಾಣಿಜ್ಯ ವಿಭಾಗದವರನ್ನು ಕೇಳಿದಾಗ ಸುಮಾರು ಐದರಲ್ಲಿ ಒಬ್ಬರು ಅಂಥ ಒತ್ತಡ ಎದುರಿಸಿದ್ದರು. ಯಾವ ಪೇಪರ್, ಯಾಕೆ ಬೇಕು ಎಂದು ಹೇಳದೆ ಬರೀ ‘ಸೇರಿಸಿ’ ಎಂದರೆ ವಿನಯವಾಗಿ ಕಾರಣ ಕೇಳಿ. ಬಹಳ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ.

ಫಿನ್‌ಟೆಕ್‌ಗೆ ಹೋಗುವುದು? ಆಸಕ್ತಿ ಇದ್ದರೆ ಹೋಗಿ. ಸೈಟೇಶನ್‌ಗಾಗಿ ಹೋಗಬೇಡಿ. ಬಿಸಿಬಿಸಿ ವಿಷಯದಲ್ಲಿ ಬೇಗ ಬಂದವರಿಗೆ ಲಾಭ. ಪರಿಸರಸ್ನೇಹಿ ಯೋಜನೆಗಳಿಗೆ ಹಣ ಎತ್ತುವ ಹಸಿರು ಸುಕುಕ್ ನೋಡಿ: ಮಲೇಷ್ಯಾದಲ್ಲಿ 2017ರಲ್ಲಿ ಮೊದಲನೆಯದು ಬಂತು, 2018ರಲ್ಲಿ ಇಂಡೊನೇಷ್ಯಾ ಸರ್ಕಾರವೇ ಹೊರಡಿಸಿತು. ಆಗ ಬರೆದವರನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಈಗ ಬರೆಯುವವರು ನೂರರಲ್ಲಿ ಒಬ್ಬರು. ಅದೂ ಅಲ್ಲದೆ ಅರ್ಥಶಾಸ್ತ್ರದಲ್ಲಿ ಪೇಪರ್ ಕಳಿಸಿ ಅಚ್ಚಾಗುವ ಹೊತ್ತಿಗೆ ಎಷ್ಟೋ ಸಲ ಎರಡು ಮೂರು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಬಿಸಿ ಆರಿರಬಹುದು.

ಮೂರನೆಯದು ಕಷ್ಟದ ದಾರಿ, ಆದರೆ ನಿಮಗೆ ಒಗ್ಗುವುದು ಅದೇ ಎಂದು ನನಗನಿಸುತ್ತದೆ. ವಿಷಯ ಬದಲಿಸಬೇಡಿ, ಪ್ರಶ್ನೆ ಕೇಳುವ ರೀತಿ ಬದಲಿಸಿ. ಇಸ್ಲಾಮಿಕ್ ಬ್ಯಾಂಕುಗಳ ಬಗ್ಗೆ ಏನು ಗೊತ್ತಾಯಿತು ಎನ್ನುವ ಬದಲು, ಇಸ್ಲಾಮಿಕ್ ಬ್ಯಾಂಕುಗಳಿಂದ ಬ್ಯಾಂಕಿಂಗ್ ಬಗ್ಗೆಯೇ ಏನು ಗೊತ್ತಾಯಿತು ಎಂದು ಬರೆಯಿರಿ. ನಿಮ್ಮ ಎರಡನೇ ಪೇಪರ್‌ನಲ್ಲಿ ಅದನ್ನು ಮಾಡಿಯೂ ಇದ್ದೀರಿ. ಅಂಥ ಎರಡು ಪೇಪರ್‌ಗಳನ್ನು ಸಾಮಾನ್ಯ ಬ್ಯಾಂಕಿಂಗ್ ಜರ್ನಲ್‌ಗಳಿಗೆ ಕಳಿಸಿ. ತೊಂದರೆ ಇಲ್ಲದ್ದಲ್ಲ. ತಿರಸ್ಕಾರ ಜಾಸ್ತಿ, ಕಾಯುವುದು ಜಾಸ್ತಿ, ಮುರಾಬಹಾ (ಲಾಭ ಸೇರಿಸಿ ಮಾರುವ ಒಪ್ಪಂದ) ಎಂದರೇನು ಎಂದು ಮೊದಲ ಪುಟದಿಂದ ವಿವರಿಸಬೇಕಾಗುತ್ತದೆ. ಈ ಸಲದ ಅರ್ಜಿಗಂತೂ ಇದು ಆಗಿಬರುವುದಿಲ್ಲ. ಕ್ಷೇತ್ರದ ಜರ್ನಲ್‌ಗಳನ್ನು ಪೂರ್ತಿ ಬಿಡಬೇಕು ಎಂದೂ ನಾನು ಹೇಳುತ್ತಿಲ್ಲ. ಶರಿಯಾ ಮಂಡಳಿಯ ರಚನೆಯಂಥ ಸೂಕ್ಷ್ಮ ವಿಷಯವನ್ನು ಬಲ್ಲ ಓದುಗರು ಇರುವುದು ಅಲ್ಲೇ.

ನಿಮ್ಮ ಹತ್ತಿರ ಇನ್ನೊಂದು ಆಸ್ತಿ ಇದೆ, ಅದರ ಬೆಲೆ ನಿಮಗೆ ಗೊತ್ತಿದ್ದಂತಿಲ್ಲ. ಪೇಪರ್‌ನ ಅನುಬಂಧದಲ್ಲಿ, ಬ್ಯಾಂಕುಗಳನ್ನು ಒಂದೊಂದಾಗಿ ವಾರ್ಷಿಕ ವರದಿ ನೋಡಿ ಇಸ್ಲಾಮಿಕ್ ಹೌದೋ ಅಲ್ಲವೋ ಎಂದು ವಿಂಗಡಿಸಿದ್ದೇವೆ ಎಂದಿದ್ದೀರಿ. ಸಿದ್ಧ ದತ್ತಾಂಶ ಕೋಶಗಳಲ್ಲಿ ಈ ವಿಂಗಡಣೆ ಎಷ್ಟು ಸಲ ಎಡವಟ್ಟಾಗಿರುತ್ತದೆ ಎಂದು ಈ ಕೆಲಸ ಮಾಡಿದವರಿಗೆ ಗೊತ್ತು. ಇಸ್ಲಾಮಿಕ್ ಕಿಟಕಿ (ಇಸ್ಲಾಮಿಕ್ ಸೇವೆಗೆಂದೇ ಪ್ರತ್ಯೇಕ ವಿಭಾಗ) ಇಟ್ಟುಕೊಂಡ ಮಾಮೂಲಿ ಬ್ಯಾಂಕು ಪೂರ್ತಿ ಇಸ್ಲಾಮಿಕ್ ಎಂದು ನಮೂದಾಗಿರುತ್ತದೆ, ಅಥವಾ ಉಲ್ಟಾ. ನಿಮ್ಮ ಪಟ್ಟಿಯನ್ನು ಒಂದು ಸಾರ್ವಜನಿಕ ಭಂಡಾರದಲ್ಲಿ ಡಿಒಐ (ಶಾಶ್ವತ ಗುರುತು ಸಂಖ್ಯೆ) ಸಹಿತ ಇಟ್ಟರೆ ಜನ ಬಳಸುತ್ತಾರೆ, ಬಳಸಿದವರು ಉಲ್ಲೇಖಿಸುತ್ತಾರೆ. ಖರೀದಿಸಿದ ದತ್ತಾಂಶ ಇದ್ದರೆ ಅದನ್ನು ಹಾಕಬೇಡಿ, ಪರವಾನಗಿಯ ತಕರಾರು ಬರುತ್ತದೆ. ನೀವೇ ಮಾಡಿದ ವಿಂಗಡಣೆ ಸಾಕು.

ಈಗ ಈ ಅರ್ಜಿಗೆ ಏನು ಮಾಡಬೇಕು ಎಂಬುದು. ಮೊದಲು ಸ್ಕೋಪಸ್‌ನಲ್ಲಿ ನಿಮ್ಮ ಹೆಸರು ಒಡೆದಿದೆಯೇ ನೋಡಿ. ನೀವು ಕಳಿಸಿದ ಪಟ್ಟಿಯಲ್ಲೇ ನಿಮ್ಮ ಹೆಸರು ಎರಡು ಕಾಗುಣಿತದಲ್ಲಿದೆ. ಮುಹಮ್ಮದ್ ಎಂಬುದನ್ನೇ ಜರ್ನಲ್‌ಗಳು ನಾಲ್ಕಾರು ರೀತಿ ಅಚ್ಚು ಹಾಕುತ್ತವೆ. ಮನೆತನದ ಹೆಸರೇ ಇಲ್ಲದ ಮಲಯ ಲೇಖಕರ ಪಾಡಂತೂ ಇನ್ನೂ ಗೋಜಲು. ಹೀಗಾದಾಗ ಒಬ್ಬರೇ ಲೇಖಕರು ಎರಡು ಮೂರು ಜನರಾಗಿ ಎಣಿಕೆಯಾಗುತ್ತಾರೆ. ಸಂಶೋಧಕರನ್ನು ಗುರುತಿಸುವ ಒಂದು ಆರ್ಕಿಡ್ ಸಂಖ್ಯೆ ಮಾಡಿಸಿಕೊಂಡು, ಎರಡೂ ಖಾತೆಗಳನ್ನು ಕೂಡಿಸಲು ಕೋರಿಕೆ ಸಲ್ಲಿಸಿ. ಗೂಗಲ್ ಸ್ಕಾಲರ್‌ನಲ್ಲಿ ಇದಕ್ಕೆ ಉಲ್ಟಾ ಕೆಲಸ ಇದೆ. ನಿಮ್ಮದೇ ಹೆಸರಿನ ಬೇರೆಯವರ ಪೇಪರ್ ತಾನಾಗಿಯೇ ಸೇರಿಕೊಂಡಿದ್ದರೆ ತೆಗೆದುಹಾಕಿ. ಲೆಕ್ಕ ಸ್ವಲ್ಪ ಇಳಿಯುತ್ತದೆ, ಇಳಿಯಲಿ. ಸಮಿತಿಯವರಿಗೆ ಅಂಥದೊಂದು ಕಣ್ಣಿಗೆ ಬಿದ್ದರೆ ಉಳಿದ 1,400ರ ಮೇಲೂ ಅನುಮಾನ.

ಅರ್ಜಿಯಲ್ಲಿ ಮೂರೂ ಲೆಕ್ಕ ಕೊಡಿ, ಯಾವ ದಿನ ತೆಗೆದದ್ದು ಎಂದು ಬರೆಯಿರಿ. ಕೇಳಿದ್ದು ಸ್ಕೋಪಸ್ ಆದರೆ ಅದನ್ನು ಮೊದಲಿಡಿ. ಜೊತೆಗೆ ಕ್ಷೇತ್ರಕ್ಕೆ ಹೊಂದಿಸಿದ ಅಳತೆ ಸಿಕ್ಕರೆ ಸೇರಿಸಿ. ಒಂದೇ ವರ್ಷ, ಒಂದೇ ಬಗೆ, ಒಂದೇ ವಿಷಯದ ಪೇಪರ್‌ಗಳ ಜಾಗತಿಕ ಸರಾಸರಿಯನ್ನು 1 ಎಂದಿಟ್ಟುಕೊಂಡು ನಿಮ್ಮದನ್ನು ಹೋಲಿಸುವ ಅಳತೆ ಅದು. ವೈದ್ಯಕೀಯದವರ ಜೊತೆ ನಿಮ್ಮನ್ನು ತೂಗುವ ಅಸಂಬದ್ಧ ಇದರಿಂದ ತಪ್ಪುತ್ತದೆ. ಆದರೆ ಕಣ್ಣು ಮುಚ್ಚಿ ನೆಚ್ಚಬೇಡಿ. ಪೇಪರ್ ಯಾವ ವಿಷಯದ್ದು ಎಂದು ಸ್ಕೋಪಸ್ ತೀರ್ಮಾನಿಸುವುದು ಜರ್ನಲ್ ನೋಡಿ. ಅದೇ ಪೇಪರ್ ಹಣಕಾಸಿನ ಜರ್ನಲ್‌ನಲ್ಲಿ ಬಂದರೆ ಒಂದು ಅಂಕ, ಧಾರ್ಮಿಕ ಅಧ್ಯಯನದ ಜರ್ನಲ್‌ನಲ್ಲಿ ಬಂದರೆ ಇನ್ನೊಂದು.

ಇದರ ಕೆಳಗೆ ಒಂದೇ ಪ್ಯಾರಾ ಬರೆಯಿರಿ. 310ರ ಪೇಪರ್‌ನಿಂದ ಶುರು ಮಾಡಬೇಡಿ. ಹೀಗಿರಲಿ: ‘ನನ್ನ ಠೇವಣಿದಾರರ ಪೇಪರ್‌ಗೆ ಸ್ಕೋಪಸ್‌ನಲ್ಲಿ 96 ಉಲ್ಲೇಖಗಳಿವೆ. ಸ್ವಂತ ಉಲ್ಲೇಖ 11 ಕಳೆದರೆ 85. ಅವುಗಳಲ್ಲಿ 33 ಇಸ್ಲಾಮಿಕ್ ಹಣಕಾಸಿನ ಹೊರಗಿನವು. ಒಂದು ಅಧ್ಯಯನ ಇದೇ ಮಾದರಿಯನ್ನು ಬೇರೆ ದೇಶದಲ್ಲಿ ಪರೀಕ್ಷಿಸಿ ಭಿನ್ನ ಫಲಿತಾಂಶ ಪಡೆದಿದೆ, ವಿವರ ಲಗತ್ತಿಸಿದೆ. ನನ್ನ ಅತಿ ಹೆಚ್ಚು ಉಲ್ಲೇಖಿತ ಬರಹ ವಿಮರ್ಶಾ ಲೇಖನ, ಅದರ ಓದುಗರು ಹೆಚ್ಚಾಗಿ ಕ್ಷೇತ್ರದೊಳಗಿನವರು.’ ಕೊನೆಯ ವಾಕ್ಯ ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕಿಕೊಂಡಂತೆ ಕಾಣಬಹುದು. ನಾನು ಕೂತ ಸಮಿತಿಗಳಲ್ಲಿ ಅಂಥ ವಾಕ್ಯ ಕಂಡಾಗ ಉಳಿದದ್ದನ್ನು ಜನ ಹೆಚ್ಚು ನಂಬಿದ್ದಾರೆ. ಸದಸ್ಯರೊಬ್ಬರು ಎತ್ತಲಿದ್ದ ಆಕ್ಷೇಪವನ್ನು ನೀವೇ ಮೊದಲು ಹೇಳಿರುತ್ತೀರಿ.

ಸಮಿತಿ ಆದರೂ ಬರೀ ಸಂಖ್ಯೆಗೇ ಜೋತುಬಿದ್ದರೆ, ನಿಮ್ಮ ಸಂಸ್ಥೆ ಡೋರಾ ಘೋಷಣೆಗೆ ಸಹಿ ಹಾಕಿದೆಯೇ ನೋಡಿ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೂಪುಗೊಂಡ ಈ ಘೋಷಣೆ, ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಹಿಡಿದು ಒಬ್ಬ ಸಂಶೋಧಕನ ಕೆಲಸ ಅಳೆಯಬಾರದು ಎನ್ನುತ್ತದೆ. ಸಹಿ ಹಾಕಿದ್ದರೆ ಅದನ್ನು ಮೆತ್ತಗೆ ನೆನಪಿಸಬಹುದು. ಹಾಕಿಲ್ಲದಿದ್ದರೆ ವಾದಕ್ಕೆ ಹೋಗಬೇಡಿ, ಪ್ರಯೋಜನ ಇಲ್ಲ.

ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಪಟ್ಟಿ ನೋಡಿದ ಮೇಲೆ ಅಡ್ಡಗೋಡೆಯ ಮೇಲೆ ದೀಪ ಇಡುವುದು ಸರಿಯಲ್ಲ: ಪ್ರಭಾವ ಇದೆ, ಆದರೆ ನೀವು ಅಂದುಕೊಂಡ ಪೇಪರ್‌ನಲ್ಲಿ ಅಲ್ಲ. ಮೂರನೇ ಪೇಪರ್‌ನ 74 ಉಲ್ಲೇಖಗಳನ್ನು ನಾನು ಬಿಡಿಸಿಲ್ಲ, ಅದನ್ನು ನೀವೇ ಮಾಡಿ. ಖಾತೆ ಕೂಡಿಸುವ ಕೋರಿಕೆಯನ್ನು ಇವತ್ತೇ ಕಳಿಸಿ. ತಿದ್ದುಪಡಿ ಕಾಣಿಸಿಕೊಳ್ಳಲು ಕೆಲವು ವಾರ ಹಿಡಿಯಬಹುದು, ಸಮಿತಿ ಅಷ್ಟು ದಿನ ಕಾಯುವುದಿಲ್ಲ.